ನಮಗೆ ಬೇರೆ ಶಾಖೆಗಳಿಲ್ಲ

ಹಳೆಯ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಹಿಂದೆ, ದೇವರ ಪಟದ ಪಕ್ಕದಲ್ಲಿ, ಒಂದು ಫಲಕ ತೂಗುತ್ತಿರುವುದನ್ನು ಓದುಗರು ಕಂಡಿರಬಹುದು. 'ನಮಗೆ ಬೇರೆಲ್ಲಿಯೂ ಶಾಖೆಗಳಿಲ್ಲ.' ಗಿರಾಕಿಗಳು ಹೆಸರು ನೋಡಿ ಮೋಸ ಹೋಗದಿರಲಿ ಎಂಬ ಎಚ್ಚರಿಕೆಯಾಗಿ ಹುಟ್ಟಿದ ಈ ವಾಕ್ಯ ಕಾಲಕ್ರಮದಲ್ಲಿ ಒಂದು ಬಿರುದಾಗಿಬಿಟ್ಟಿತು. ಶಾಖೆಯಿಲ್ಲದವನು ಪ್ರಾಮಾಣಿಕ, ಶಾಖೆ ತೆರೆದವನು ದುರಾಸೆಯವನು. ಒಬ್ಬನೇ ದುಡಿಯುವವನು ಸ್ವತಂತ್ರ, ನಾಲ್ಕು ಜನರನ್ನು ಕೂಡಿಕೊಂಡು ಕಂಪನಿ ಕಟ್ಟಿದವನು ಬಂಡವಾಳಗಾರ. ಹೀಗೆಂದು ನಮ್ಮ ಮಧ್ಯಮವರ್ಗ ನಂಬಿತು. ನಾನೂ ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, 34 ವರ್ಷ ಕರಿಹಲಗೆಯ ಮುಂದೆ ನಿಂತು ಅದನ್ನೇ ಬೋಧಿಸಿದೆ. ಈ ಲೇಖನ ನನ್ನ ಆ ಬೋಧನೆಗೆ ವಿರುದ್ಧವಾದದ್ದು.

ಸಂಕ್ರಾಂತಿ ಕಳೆದ ಮರುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಸಾಗರದಿಂದ ಹೆಚ್ಚು ದೂರವಿಲ್ಲದ ಹಳ್ಳಿಯೊಂದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾನೆ. ವಯಸ್ಸು ಐವತ್ತರ ಹತ್ತಿರ. ಆದರೂ ನನ್ನೆದುರು ಕುರ್ಚಿಯ ತುದಿಯಲ್ಲೇ ಕೂರುತ್ತಾನೆ. ಬೆಂಗಳೂರಿನಲ್ಲಿರುವ ಅವನ ಸೋದರತ್ತೆಯ ಮಗನೊಬ್ಬ ಒಂದಿಷ್ಟು ಹಣ ಹಾಕುತ್ತೇನೆ, ಇದನ್ನು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡೋಣ ಎಂದು ಒತ್ತಾಯಿಸುತ್ತಿದ್ದಾನಂತೆ. ಇವನಿಗೆ ಮನಸ್ಸಿಲ್ಲ. "ಯಾರ ಹಂಗೂ ಬೇಡ ಸಾರ್. ಇಷ್ಟು ದಿನ ಒಬ್ಬನೇ ನಡೆಸಿದೀನಿ, ಒಬ್ಬನೇ ನಡೆಸ್ತೀನಿ. ನಾಲ್ಕು ಜನ ಸೇರಿದಲ್ಲಿ ನಾಲ್ಕು ಮಾತು ಅಂತ ನೀವೇ ಹೇಳ್ತಿದ್ರಲ್ಲ" ಎಂದ. ನಾನು ಹಾಗೆ ಹೇಳಿದ್ದು ನಿಜ. ಮೇಷ್ಟ್ರುಗಳ ಮಾತು ಮಕ್ಕಳಿಗೆ ನೆನಪಿರುವುದಿಲ್ಲ ಎಂದು ದೂರುತ್ತೇವೆ. ನೆನಪಿಟ್ಟುಕೊಂಡರೆ ಇನ್ನೂ ಕಷ್ಟ.

ಮಿಡಿ ಉಪ್ಪಿನಕಾಯಿಯ ವ್ಯವಹಾರ ಹೇಗೆಂದು ಬಯಲುಸೀಮೆಯ ಓದುಗರಿಗೆ ತಿಳಿದಿರಲಾರದು, ಆದ್ದರಿಂದ ನಾಲ್ಕು ಮಾತು. ಅಪ್ಪೆ ಮರಗಳು ಹೊಳೆಯ ದಂಡೆಯಲ್ಲಿ, ಕಾಡಿನ ಅಂಚಿನಲ್ಲಿ ತಾವಾಗಿ ಬೆಳೆದವು. ಒಂದು ಮರದ ಮಿಡಿಯ ಪರಿಮಳ ಇನ್ನೊಂದಕ್ಕಿಲ್ಲ; ಜೀರಿಗೆಯ ವಾಸನೆಯ ಮಿಡಿಗೆ ಜನ ಹುಡುಕಿಕೊಂಡು ಬರುತ್ತಾರೆ. ಮಿಡಿ ನೆಲಕ್ಕೆ ಬಿದ್ದರೆ ಕೆಟ್ಟಿತು. ಪೆಟ್ಟು ಬಿದ್ದ ಮಿಡಿ ಭರಣಿಯಲ್ಲಿ ಕೊಳೆಯುತ್ತದೆ, ಜೊತೆಗಿದ್ದವನ್ನೂ ಕೆಡಿಸುತ್ತದೆ. ಆದ್ದರಿಂದ ಮರ ಹತ್ತಿ, ತೊಟ್ಟು ಸಹಿತ ಕೊಯ್ದು, ಬುಟ್ಟಿಯಲ್ಲಿ ಹಗ್ಗ ಕಟ್ಟಿ ಇಳಿಸಬೇಕು. ಕೊಯ್ಲಿನ ಕಾಲ ವರ್ಷದಲ್ಲಿ ಕೆಲವೇ ವಾರ. ಆ ವಾರಗಳಲ್ಲಿ ಇಡೀ ವರ್ಷದ ಸರಕನ್ನು ನಗದು ಕೊಟ್ಟು ಕೊಳ್ಳಬೇಕು, ಉಪ್ಪಿನಲ್ಲಿ ಹಾಕಬೇಕು, ಅದು ನೀರು ಬಿಟ್ಟು ಚಿರುಟುವ ತನಕ ಕಾಯಬೇಕು. ಅಂದರೆ ಬೇಸಿಗೆಯಲ್ಲಿ ಹಾಕಿದ ದುಡ್ಡು ಮರಳಿ ಬರುವುದಕ್ಕೆ ಮುಂದಿನ ಬೇಸಿಗೆ ಬರಬೇಕು. ನನ್ನ ವಿದ್ಯಾರ್ಥಿ ಈ ದುಡ್ಡನ್ನು ಬ್ಯಾಂಕಿನಿಂದ ತನ್ನ ಹೆಸರಿನಲ್ಲಿ ಸಾಲ ತೆಗೆಯುತ್ತಾನೆ, ವಾಸದ ಮನೆಯನ್ನು ಅಡವಿಟ್ಟು. ಒಳ್ಳೆಯ ಮರಗಳನ್ನು ಈಗಲೂ ತಾನೇ ಹತ್ತುತ್ತಾನೆ. ಬೇರೆಯವರು ಕೊಂಬೆ ಅಲ್ಲಾಡಿಸಿ ಉದುರಿಸಿಬಿಡುತ್ತಾರೆಂಬ ಭಯ.

"ಉಪ್ಪಿನ ಹದ ಯಾರು ನೋಡುತ್ತಾರೆ?" ಎಂದು ಕೇಳಿದೆ. ಊರಿನ ಒಬ್ಬ ಹೆಂಗಸು, ಅರವತ್ತು ದಾಟಿದವರು. ಕೈಯಳತೆಯಲ್ಲೇ ಹಾಕುತ್ತಾರೆ, ಹದಿನೈದು ವರ್ಷದಲ್ಲಿ ಒಂದು ಪೀಪಾಯಿಯೂ ಕೆಟ್ಟಿಲ್ಲ. ಖಾರ ರುಬ್ಬುವವರು, ಬಾಟಲಿ ತುಂಬುವವರು ಆರು ಹೆಂಗಸರು. ಗಾಡಿ ಓಡಿಸುವ ಹುಡುಗ ಒಬ್ಬ. ಲೆಕ್ಕ, ಫೋನು, ಪಾರ್ಸೆಲ್ಲು ಎಲ್ಲ ಹೆಂಡತಿಯದು. ಆಕೆಗೆ ಸಂಬಳವಿಲ್ಲ, ಕಾಗದಪತ್ರಗಳಲ್ಲಿ ಎಲ್ಲಿಯೂ ಹೆಸರಿಲ್ಲ. ಬೆರಳು ಮಡಿಸಿ ಎಣಿಸಿದೆ. ಅವನನ್ನು ಬಿಟ್ಟು ಒಂಬತ್ತು ಜನ.

ಒಂಬತ್ತು ಜನರ ಅನ್ನ ಆ ಭರಣಿಗಳಲ್ಲಿದೆ, ಅವನ ಬಾಯಲ್ಲಿ ಮಾತ್ರ 'ಒಬ್ಬನೇ'.

ಇಲ್ಲಿ ನನ್ನ ಅಣ್ಣನ ವಿಷಯ ಹೇಳದೆ ಮುಂದೆ ಹೋಗಲಾರೆ. ಅಣ್ಣ 1969ರಲ್ಲಿ ನಮ್ಮೂರಿನ ಪೇಟೆಬೀದಿಯಲ್ಲಿ ಒಂದು ಮುದ್ರಣಾಲಯ ತೆರೆದ. ಒಂದು ಟ್ರೆಡಲ್ ಯಂತ್ರ, ಕೆಲವು ಕೇಸು ಅಚ್ಚುಮೊಳೆ, ಕಾಗದ ಕತ್ತರಿಸುವ ಒಂದು ಯಂತ್ರ. ಲಗ್ನಪತ್ರಿಕೆ, ಬಿಲ್ಲುಪುಸ್ತಕ, ಚುನಾವಣೆ ಬಂದರೆ ಕರಪತ್ರ, ಜಾತ್ರೆಗೆ ಭಿತ್ತಿಪತ್ರ. ಅವನ ಪ್ರೂಫು ನೋಡುವ ಕಣ್ಣು ಹೇಗಿತ್ತೆಂದರೆ, ತಾಲ್ಲೂಕಿನಲ್ಲಿ ಯಾರ ಮದುವೆಯ ಕಾಗದದಲ್ಲೂ ಒಂದು ಅರ್ಕಾವತ್ತು ತಪ್ಪಿದ್ದಿಲ್ಲ. ತನ್ನ ಕಣ್ಣು ಹಾಯದ ಹಾಳೆ ಯಂತ್ರಕ್ಕೆ ಏರಬಾರದೆಂಬುದು ಅವನ ನಿಯಮ. ಮೊಳೆ ಜೋಡಿಸಲು ಒಬ್ಬರಿದ್ದರು. ಇಪ್ಪತ್ತರ ಪ್ರಾಯದಲ್ಲಿ ಸೇರಿದವರು, 27 ವರ್ಷ ಅದೇ ಕಿಟಕಿಯ ಬೆಳಕಿನಲ್ಲಿ ನಿಂತು ಜೋಡಿಸಿದರು. ಹಾಳೆ ಮಡಿಸುವುದು, ಹೊಲಿಯುವುದು, ಅಂಟು ಹಾಕುವುದು ಅತ್ತಿಗೆಯ ಪಾಲು. ಮಧ್ಯಾಹ್ನ ಊಟವಾದ ಮೇಲೆ ಅತ್ತಿಗೆ ಕಾಲು ಚಾಚಿ ಕೂತು ರಸೀದಿಪುಸ್ತಕಗಳಿಗೆ ದಾರ ಪೋಣಿಸುತ್ತಿದ್ದ ಚಿತ್ರ ನನ್ನ ಕಣ್ಣಿನಲ್ಲಿ ಹಾಗೆಯೇ ಇದೆ.

ಎಂಬತ್ತರ ದಶಕದ ಕೊನೆಯಲ್ಲಿ ಆಫ್‌ಸೆಟ್ ಮುದ್ರಣ ಶಿವಮೊಗ್ಗಕ್ಕೆ ಬಂದು ಕೂತಿತ್ತು. ಪೇಟೆಯ ಇಬ್ಬರು ಮತ್ತು ಆ ಮೊಳೆ ಜೋಡಿಸುವವರು ಸೇರಿ ಅಣ್ಣನ ಬಳಿ ಒಂದು ಸಲಹೆ ತಂದರು. ಎಲ್ಲರೂ ಒಂದಿಷ್ಟು ಹಾಕಿ ಪಾಲುದಾರಿಕೆ ಮಾಡೋಣ, ಹೊಸ ಯಂತ್ರ ತರೋಣ, ಹುಡುಗರಿಗೆ ಕಲಿಸೋಣ. ಅಣ್ಣ ಒಪ್ಪಲಿಲ್ಲ. ಆ ರಾತ್ರಿ ನನ್ನನ್ನು ಕೇಳಿದ. ನಾನು ಏನು ಹೇಳಿದೆ? "ನಿನ್ನ ಕೈಯ ಕೆಲಸ ನಿನ್ನ ಕೈಯಲ್ಲೇ ಇರಲಿ, ಪಾಲು ಎಂದರೆ ಪಂಚಾಯಿತಿ" ಎಂದೆ. ಅಷ್ಟಕ್ಕೇ ಬಿಡದೆ ಆ ವರ್ಷದ ನಮ್ಮ ಶಾಲೆಯ ಸ್ಮರಣಸಂಚಿಕೆಯಲ್ಲಿ ಒಂಟಿ ಕುಶಲಕರ್ಮಿಯ ಘನತೆಯ ಬಗ್ಗೆ ಎರಡು ಪುಟದ ಪ್ರಬಂಧವನ್ನೂ ಬರೆದೆ. ಅದರ ಮೊಳೆ ಜೋಡಿಸಿದವರು ಅವರೇ. ಒಂದು ಮಾತೂ ಆಡಲಿಲ್ಲ.

1998ರ ಆಷಾಢದಲ್ಲಿ ಅಣ್ಣ ಪ್ರೂಫು ನೋಡುತ್ತಿದ್ದ ಹಾಗೆಯೇ ಎದೆನೋವೆಂದು ಕುಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಹೋದ. ಮುದ್ರಣಾಲಯ ಅವನ ಜೊತೆಗೇ ಹೋಯಿತು. ಇದು ಅಲಂಕಾರದ ಮಾತಲ್ಲ, ಕಾನೂನಿನ ಮಾತು. ಒಬ್ಬನೇ ಮಾಲೀಕನ ವ್ಯಾಪಾರಕ್ಕೆ ಕಾನೂನಿನ ಕಣ್ಣಿನಲ್ಲಿ ಬೇರೆ ಅಸ್ತಿತ್ವವೇ ಇಲ್ಲ. ಫಲಕದಲ್ಲಿ ಯಾವ ಹೆಸರಿದ್ದರೂ ಅದು ಆ ಮನುಷ್ಯನೇ. ಬ್ಯಾಂಕಿನ ಖಾತೆ ಅವನದು, ಅವನಿಲ್ಲವೆಂದು ತಿಳಿದೊಡನೆ ನಿಂತಿತು. ಪರವಾನಗಿ ಅವನದು. ಕಾಗದದ ವರ್ತಕನ ಬಾಕಿಯೂ ಅವನದೇ, ಆದರೆ ಅದು ನಿಲ್ಲಲಿಲ್ಲ. ಅವನು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ವಾರಸುದಾರರನ್ನು ಹುಡುಕಿಕೊಂಡು ಬಂತು. ನಮಗೆ ಬರಬೇಕಾದ ಉದ್ರಿ ಎಷ್ಟೋ ಇತ್ತು, ಆದರೆ ಅದರ ಅರ್ಧ ಲೆಕ್ಕ ಅಣ್ಣನ ತಲೆಯಲ್ಲಿತ್ತು. ಅತ್ತಿಗೆ ಬಾಡಿಗೆ ಕಟ್ಟಲಾಗದೆ ಮೂರು ತಿಂಗಳಲ್ಲಿ ಮಳಿಗೆ ಬಿಟ್ಟುಕೊಟ್ಟರು. ಅಚ್ಚುಮೊಳೆಗಳನ್ನು ಸೀಸದ ಬೆಲೆಗೆ, ಕಿಲೋ ಲೆಕ್ಕದಲ್ಲಿ ಗುಜರಿಯವನು ತೂಗಿಕೊಂಡು ಹೋದ.

27 ವರ್ಷ ದುಡಿದವರಿಗೆ ಏನು ಸಿಕ್ಕಿತು? ಒಂದು ತಿಂಗಳ ಸಂಬಳ, ಅದೂ ಅತ್ತಿಗೆ ಓಲೆ ಅಡವಿಟ್ಟು ಕೊಟ್ಟದ್ದು. 1972ರ ಗ್ರಾಚ್ಯುಯಿಟಿ ಕಾಯಿದೆ ಅಂಗಡಿಗಳಿಗೆ ಅನ್ವಯಿಸಲು 10 ಜನ ಕೆಲಸಗಾರರಿರಬೇಕಿತ್ತು, ಭವಿಷ್ಯನಿಧಿ ಕಡ್ಡಾಯವಾಗಲು 20 ಜನ. ನಮ್ಮಲ್ಲಿ ಇದ್ದವರು ಅವರೊಬ್ಬರು ಮತ್ತು ಸಂಬಳವಿಲ್ಲದ ಅತ್ತಿಗೆ. ಅಣ್ಣ ಕಾನೂನನ್ನು ಮುರಿದವನಲ್ಲ, ಕಾನೂನು ಅವನ ಬಾಗಿಲಿಗೆ ಬರಲೇ ಇಲ್ಲ. ಅವನು ಕೆಟ್ಟವನೂ ಅಲ್ಲ; ಆ ಮನುಷ್ಯರ ಮಗಳ ಮದುವೆಗೆ ಕೈಯಾರೆ ದುಡ್ಡು ಕೊಟ್ಟಿದ್ದ. ಒಳ್ಳೆಯತನದಿಂದ ಕೊಟ್ಟದ್ದು ಒಳ್ಳೆಯವನು ಬದುಕಿರುವ ತನಕ ಮಾತ್ರ. ಆಮೇಲೆ ಅವರು ನ್ಯಾಯಬೆಲೆ ಅಂಗಡಿಯೊಂದರಲ್ಲಿ ತೂಕ ಹಾಕುವ ಕೆಲಸಕ್ಕೆ ಸೇರಿದರು. ಸಕ್ಕರೆ ತರಲು ಹೋದಾಗ ನಾನು ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಒಮ್ಮೆ ಅವರೇ ಅಂದರು, "ಮೇಷ್ಟ್ರೇ, ನಿಮ್ಮ ಲೇಖನ ಜೋಡಿಸೋವಾಗ ಒಂದು ಕಡೆ ಮೊಳೆ ಕಡಿಮೆ ಬಿದ್ದಿತ್ತು, ಬೇರೆ ಕೇಸಿಂದ ತಂದು ಹಾಕಿದ್ದೆ." ಅಷ್ಟೇ ಅಂದರು. ವ್ಯಂಗ್ಯವಾಡುವ ಜಾತಿಯ ಮನುಷ್ಯರಲ್ಲ. ನನಗೆ ಮಾತ್ರ ಇವತ್ತಿಗೂ ಆ ಮಾತು ಕಿವಿಯಲ್ಲಿದೆ.

ಸರಕಾರದ ಅನುದಾನದಲ್ಲಿ ಸಂಬಳ ತೆಗೆದುಕೊಂಡು, ಈಗ ಪಿಂಚಣಿ ಉಣ್ಣುತ್ತಿರುವ ಮೇಷ್ಟ್ರಿಗೆ ವ್ಯಾಪಾರದ ಮಾತೇಕೆ ಎಂದು ಕೇಳುವವರಿದ್ದಾರೆ. ಕೇಳಲಿ. ನನಗೆ ಪಿಂಚಣಿ ಬರುತ್ತಿರುವುದು ಯಾಕೆಂದು ಅವರೂ ಯೋಚಿಸಲಿ. ನಾನು ಪಾಠ ಹೇಳಿದ ಶಾಲೆಯನ್ನು ಕಟ್ಟಿದವರು ಹನ್ನೊಂದು ಜನ ಅಡಿಕೆ ಬೆಳೆಗಾರರು ಮತ್ತು ಅಂಗಡಿಯವರು. ಒಂದು ಸಮಿತಿ ಮಾಡಿ, ನೋಂದಾಯಿಸಿ, ನಡಾವಳಿ ಬರೆದು, ಜಗಳವಾಡಿ, ಮತ್ತೆ ಕೂತು ಕಟ್ಟಿದರು. ಆ ಹನ್ನೊಂದರಲ್ಲಿ ಒಬ್ಬರೂ ಈಗ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಗಂಟೆ ಹೊಡೆಯುತ್ತಲೇ ಇದೆ. ನಮ್ಮ ಪಕ್ಕದ ಹೆಗ್ಗೋಡಿನ ನೀನಾಸಂ 1949ರಲ್ಲಿ ಹುಟ್ಟಿದ್ದು, ಕೆ.ವಿ. ಸುಬ್ಬಣ್ಣನವರು 2005ರಲ್ಲಿ ತೀರಿಕೊಂಡ ಮೇಲೂ ಅಲ್ಲಿ ನಾಟಕದ ದೀಪ ಆರಲಿಲ್ಲ. ಅದು ವ್ಯಾಪಾರವಲ್ಲ, ಒಪ್ಪಿದೆ. ವ್ಯಾಪಾರವೇ ಬೇಕೆಂದರೆ ಘಟ್ಟದ ಕೆಳಗೆ ನೋಡಿ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ ಎಂಬ ವ್ಯಾಪಾರಿ, ವಾಮನ ಕುಡ್ವ ಎಂಬ ಎಂಜಿನಿಯರು, ಟಿ.ಎಂ.ಎ. ಪೈ ಎಂಬ ವೈದ್ಯರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಕಟ್ಟಿದರು. ಕಷ್ಟಕ್ಕೆ ಸಿಕ್ಕಿದ್ದ ಕೈಮಗ್ಗದ ನೇಕಾರರಿಗೆ ಒದಗಬೇಕೆಂಬುದು ಉದ್ದೇಶ. 1928ರಲ್ಲಿ ಪಿಗ್ಮಿ ಠೇವಣಿ ತಂದು, ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಿದರು. ಈ ಮೂವರಲ್ಲಿ ಯಾರಾದರೊಬ್ಬರು 'ಒಬ್ಬನೇ ನಡೆಸುತ್ತೇನೆ' ಎಂದಿದ್ದರೆ ಉಡುಪಿಗೆ ಇನ್ನೊಬ್ಬ ಲೇವಾದೇವಿಗಾರ ಸಿಗುತ್ತಿದ್ದ.

ಆ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಹೆಸರೇ ಅಳಿಸಿತು, ಕಟ್ಟಿ ಏನು ಬಂತು ಎಂದು ಕೆಲವರು ನಿಟ್ಟುಸಿರುಬಿಡುತ್ತಾರೆ. ಮಾವಳ್ಳಿ ಟಿಫಿನ್ ರೂಮ್ಸ್ ವಿಷಯದಲ್ಲೂ ಇದೇ ರಾಗ. 1924ರಲ್ಲಿ ಮಯ್ಯ ಸಹೋದರರು ಆರಂಭಿಸಿದ ಹೋಟೆಲು. ತುರ್ತು ಪರಿಸ್ಥಿತಿಯ ಕಾಲದ ದರ ನಿಯಂತ್ರಣದಲ್ಲಿ ನಷ್ಟಕ್ಕೆ ಸಿಕ್ಕಿ, ಪೊಟ್ಟಣದ ಪುಡಿಗಳ ಕಡೆಗೆ ಹೊರಳಿತು. ಆ ಪೊಟ್ಟಣದ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡಿತು. ನಮ್ಮ ರವೆ ಇಡ್ಲಿ ಪರದೇಶಿಗಳ ಪಾಲಾಯಿತೆಂದು ಆಗ ಬಹಳ ಜನ ಮರುಗಿದರು. ನನಗೂ ಸಂಕಟವಾಗಿತ್ತು. ಆದರೆ ಒಂದು ವ್ಯತ್ಯಾಸ ಗಮನಿಸಿ. ಹೆಸರು ಹೋದ ಬ್ಯಾಂಕಿನ ಪಿಗ್ಮಿ ಖಾತೆಯ ದುಡ್ಡು ಹೋಗಲಿಲ್ಲ, ಗುಮಾಸ್ತರ ಪಿಂಚಣಿ ಹೋಗಲಿಲ್ಲ. ಲಾಲ್‌ಬಾಗ್ ರಸ್ತೆಯ ಹೋಟೆಲು ಮಯ್ಯರ ಮನೆತನದಲ್ಲೇ ಉಳಿಯಿತು. ನನ್ನ ಅಣ್ಣನ ಮುದ್ರಣಾಲಯವನ್ನು ಯಾವ ಪರದೇಶಿಯೂ ಕೊಳ್ಳಲಿಲ್ಲ, ಗುಜರಿಯವನು ಕೊಂಡ.

ಕಂಪನಿಯೆಂಬ ಕಾಗದದಲ್ಲಿ ಮಂತ್ರವಿದೆ ಎಂದು ನಾನು ಹೇಳುತ್ತಿಲ್ಲ. ಕಾನೂನು ಓದುವ ಮಕ್ಕಳೆಲ್ಲ ಬಾಯಿಪಾಠ ಮಾಡುವ ಒಂದು ಮೊಕದ್ದಮೆಯಿದೆ. ಲಂಡನ್ನಿನಲ್ಲಿ ಬೂಟು ಮಾಡಿಸಿ ಮಾರುತ್ತಿದ್ದ ಆರನ್ ಸಾಲೊಮನ್ ಎಂಬಾತ ತನ್ನ ಒಂಟಿ ವ್ಯಾಪಾರವನ್ನು 1892ರಲ್ಲಿ ಕಂಪನಿ ಮಾಡಿದ. ಕಾನೂನಿಗೆ ಏಳು ಸದಸ್ಯರು ಬೇಕಿತ್ತು. ಹೆಂಡತಿ, ಮಗಳು, ನಾಲ್ವರು ಗಂಡುಮಕ್ಕಳಿಗೆ ತಲಾ ಒಂದು ಷೇರು, ತನಗೆ 20,001. ವ್ಯಾಪಾರ ಬಹಳ ಬೇಗ ಮುಳುಗಿತು. ಇವನೇ ಕಂಪನಿ, ಕಂಪನಿಯೇ ಇವನು, ಆದ್ದರಿಂದ ಸಾಲವನ್ನೂ ಇವನೇ ತೀರಿಸಲಿ ಎಂದು ವಾದ ನಡೆದು, ಕೆಳಗಿನ ನ್ಯಾಯಾಲಯಗಳು ಒಪ್ಪಿದರೂ, 1896ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕಂಪನಿ ಬೇರೆ, ಮನುಷ್ಯ ಬೇರೆ ಎಂದು ತೀರ್ಪು ಕೊಟ್ಟಿತು. ಅಂದರೆ ಏಳು ಹೆಸರು ಬರೆದು ಒಬ್ಬನೇ ಆಳುವುದೂ ಸಾಧ್ಯ. ನಮ್ಮ ಊರುಗಳಲ್ಲೂ ಇಂಥ ಕಂಪನಿಗಳಿಗೆ ಬರವಿಲ್ಲ. ನಿರ್ದೇಶಕಿಯಾದ ಹೆಂಡತಿಗೆ ತಾನು ನಿರ್ದೇಶಕಿ ಎಂಬುದು ಸಹಿ ಹಾಕುವ ದಿನ ಮಾತ್ರ ನೆನಪಾಗುತ್ತದೆ. ಹೊಣೆ ಸೀಮಿತ ಎಂಬ ಮಾತೂ ಸಣ್ಣವರ ಪಾಲಿಗೆ ಅರ್ಧ ಸತ್ಯ. ಸಾಲ ಕೊಡುವ ಬ್ಯಾಂಕು ನಿರ್ದೇಶಕರ ವೈಯಕ್ತಿಕ ಜಾಮೀನನ್ನು ಕೇಳಿಯೇ ಕೇಳುತ್ತದೆ. ವಹಿವಾಟು ಎಷ್ಟೇ ಸಣ್ಣದಿರಲಿ ವರ್ಷವರ್ಷ ಆಡಿಟ್ ಮಾಡಿಸಬೇಕು. ವಾರ್ಷಿಕ ಕಾಗದಗಳನ್ನು ಸಲ್ಲಿಸಲು ತಡವಾದರೆ ಒಂದೊಂದು ನಮೂನೆಗೂ ದಿನಕ್ಕೆ 100 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಏರುತ್ತದೆ. ಪಾಲುದಾರಿಕೆ ಸುಲಭವೆಂದರೆ, 1932ರ ಕಾಯಿದೆಯ ಪ್ರಕಾರ ಬೇರೆ ಕರಾರಿಲ್ಲದಿದ್ದರೆ ಒಬ್ಬ ಪಾಲುದಾರ ಸತ್ತರೆ ಸಂಸ್ಥೆಯೇ ವಿಸರ್ಜನೆ. ಇದೆಲ್ಲ ತೊಡಕು ಹೌದು. ಆದರೆ ಈ ತೊಡಕಿನಲ್ಲೇ ಒಂದು ಶಿಸ್ತಿದೆ. ಮನೆಯ ದುಡ್ಡು ಬೇರೆ, ಅಂಗಡಿಯ ದುಡ್ಡು ಬೇರೆ ಎಂದು ಬರೆದಿಡಬೇಕು. ಯಾರ ಪಾಲು ಎಷ್ಟೆಂದು ಬಾಯಿಮಾತಿನಲ್ಲಿ ಅಲ್ಲ, ಅಕ್ಷರದಲ್ಲಿ ಇರಬೇಕು. ಅಣ್ಣನ ತಲೆಯಲ್ಲಿದ್ದ ಉದ್ರಿ ಲೆಕ್ಕ ಒಂದು ಪುಸ್ತಕದಲ್ಲಿ ಇದ್ದಿದ್ದರೆ ಅತ್ತಿಗೆಯ ಓಲೆ ಉಳಿಯುತ್ತಿತ್ತು.

2013ರ ಕಂಪನಿ ಕಾಯಿದೆ ಒಬ್ಬನೇ ಸದಸ್ಯನಿರುವ ಕಂಪನಿಗೂ ದಾರಿ ಮಾಡಿತು. ಒಬ್ಬನೇ ಇರುತ್ತೇನೆ ಎನ್ನುವವನಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೆ? ಆದರೆ ಅದರಲ್ಲಿಯೂ ಒಂದು ಷರತ್ತಿದೆ. ನೋಂದಣಿಯ ಹೊತ್ತಿನಲ್ಲೇ, ಆತ ಸತ್ತರೆ ಅಥವಾ ಅಶಕ್ತನಾದರೆ ಸದಸ್ಯನಾಗುವವರು ಯಾರೆಂದು ಇನ್ನೊಬ್ಬರ ಹೆಸರನ್ನು, ಅವರ ಒಪ್ಪಿಗೆ ಪಡೆದು, ಬರೆಯಲೇಬೇಕು. ಒಂಟಿಯಾಗಿರಲು ಅನುಮತಿ ಕೊಡುವ ಕಾನೂನು ಕೂಡ 'ನಿನ್ನ ನಂತರ ಯಾರು?' ಎಂದು ಕೇಳದೆ ಬಿಡುವುದಿಲ್ಲ. ನನ್ನ ಪ್ರಬಂಧದಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

ಇನ್ನು ಬೆಂಗಳೂರಿನ ಹೊಸ ಪಂಥದವರು. ಅವರ ಜೊತೆಗೂ ನನಗೆ ಜಗಳವಿದೆ. ಕಂಪನಿಯೆಂದರೆ ಬೆಳೆಸಿ ಐದಾರು ವರ್ಷದಲ್ಲಿ ಮಾರಿ ಹೊರಬೀಳುವ ಸರಕು ಎಂದು ತಿಳಿದವರು, ಹುಟ್ಟಿದ ದಿನವೇ ಮಗುವಿಗೆ ಗಿರಾಕಿ ಹುಡುಕುವ ತಂದೆಯರ ಹಾಗೆ. ಅವರು ಕಟ್ಟುವವರಲ್ಲ. ಒಂಟಿಯಾಗಿ ದುಡಿಯುವವನನ್ನು ಹೇಡಿಯೆಂದು ಅವರು ಹಂಗಿಸುವುದನ್ನು ಕೇಳಿದ್ದೇನೆ, ಅದೂ ಸಲ್ಲದು. ನಮ್ಮ ಬಸ್‌ನಿಲ್ದಾಣದ ಎದುರು ಗಡಿಯಾರ ರಿಪೇರಿ ಮಾಡುವವರು ಒಬ್ಬರಿದ್ದಾರೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಅವರು ಮತ್ತು ಆ ಗಡಿಯಾರ, ಮೂರನೆಯವರಿಲ್ಲ. ಅವರ ಪೆಟ್ಟಿಗೆ ಅವರೊಂದಿಗೇ ಮುಚ್ಚಿದರೆ ಊರಿಗೆ ನಷ್ಟ, ಯಾರಿಗೂ ಅನ್ಯಾಯವಿಲ್ಲ. ಅಂಥವರು ಒಬ್ಬರೇ ಇರಲಿ, ಧಾರಾಳವಾಗಿ ಇರಲಿ. ನನ್ನ ತಕರಾರು ಒಂಬತ್ತು ಜನರ ನಡುವೆ ನಿಂತು 'ನಾನೊಬ್ಬನೇ' ಎನ್ನುವವರ ಬಗ್ಗೆ. ಎರಡನೆಯ ಮನುಷ್ಯನೊಬ್ಬ ಹತ್ತು ವರ್ಷ ನಿಮ್ಮಲ್ಲಿ ದುಡಿದ ಮೇಲೆ ಆ ಮಾತಾಡುವ ಹಕ್ಕು ನಿಮಗೆ ಉಳಿಯುವುದಿಲ್ಲ.

ಇದಿಷ್ಟನ್ನೂ ಇಷ್ಟೇ ಕಟುವಾಗಿ ನನ್ನ ವಿದ್ಯಾರ್ಥಿಗೆ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಕಾಫಿ ಆರಿಹೋಯಿತು. ಆಮೇಲೆ ಕೇಳಿದ, "ಉಪ್ಪು ಹಾಕೋ ಅಮ್ಮನಿಗೂ ಷೇರು ಕೊಡಬಹುದಾ ಸಾರ್? ಅವರಿಗೆ ಸಹಿ ಬರಲ್ಲ, ಹೆಬ್ಬೆಟ್ಟು."

ಹೆಬ್ಬೆಟ್ಟಿನವರಿಗೆ ಷೇರಿಲ್ಲ ಎಂದು ಯಾವ ಕಾನೂನೂ ಹೇಳಿದಂತಿಲ್ಲ, ಆಡಿಟರನ್ನು ಕೇಳು ಎಂದೆ. ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗು, ಅತ್ತೆಯ ಮಗನ ದುಡ್ಡು ಬೇಕೋ ಬೇಡವೋ ಎಂಬುದನ್ನು ಲೆಕ್ಕ ಬಲ್ಲ ಆಕೆಯೇ ಹೇಳಲಿ ಎಂದೂ ಸೇರಿಸಿದೆ.

"ಆಯ್ತು ಸಾರ್. ಮಿಡಿ ಕೊಯ್ಲು ಒಂದು ಮುಗೀಲಿ. ಆಮೇಲೆ ನಿಧಾನವಾಗಿ ಹೋಗಿ ಬರ್ತೀನಿ."

"ಕೊಯ್ಲಿಗೆ ಮೊದಲೇ ಹೋಗಿ ಬಾ" ಎಂದೆ. "ಮರ ಹತ್ತುವವನು ನೀನೇ ತಾನೆ?"